ಶುಕ್ರವಾರದ ಮೋಟಾರು

ಮೋಟಾರು ಹೊರಡುವವರೆಗೆ ನನಗೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಇದನ್ನು ವ್ರತವೆಂದು ತಿಳಿಯಬೇಡಿ. ಯಾವ ಪುರಾಣಿಕರೂ ಹೇಳಿದ್ದಲ್ಲ, ಯಾವ ಮುತ್ತೈದೆಯೂ ಬಾಗಿನದ ಜೊತೆ ಕೊಟ್ಟು ಕಲಿಸಿದ್ದಲ್ಲ. ಬರೀ ಹೆದರಿಕೆ. ಲೋಟ ಕೈಯಲ್ಲಿ ಹಿಡಿದು ನಾನು ಅಡಿಗೆಮನೆಯ ಕಿಟಕಿಯ ಹತ್ತಿರ ನಿಲ್ಲುತ್ತೇನೆ. ಹೊರಗೆ ನಮ್ಮ ಮನೆಯವರು ಮೋಟಾರಿನ ಮೂತಿಗೆ ಕಬ್ಬಿಣದ ಹ್ಯಾಂಡಲ್ಲು ಸಿಕ್ಕಿಸಿ ತಿರುಗಿಸುತ್ತಾರೆ. ಒಂದು ಸುತ್ತಿಗೆ ಅದು ಗೊರ್ರ್ ಎಂದು ಸುಮ್ಮನಾಗುತ್ತದೆ. ಇನ್ನೊಂದು ಸುತ್ತಿಗೆ ಕೆಮ್ಮುತ್ತದೆ. ಒಂದೊಂದು ಸುತ್ತೂ ನನ್ನ ಎದೆಯೊಳಗೇ ತಿರುಗಿದಂತಿರುತ್ತದೆ. ಕೊನೆಗೆ ಅದು ಗುಡುಗುಡಿಸಿ, ಬೀದಿಯ ತಿರುವು ದಾಟಿ, ಸದ್ದು ಅಡಗಿತೆಂದರೆ ‘ವೆಂಕಟರಮಣಾ’ ಎಂದು ಲೋಟ ಎತ್ತುತ್ತೇನೆ. ಅಷ್ಟು ಹೊತ್ತಿಗೆ ಕಾಫಿಯ ಮೇಲೆ ಕೆನೆ ಕಟ್ಟಿರುತ್ತದೆ.

ನಮ್ಮ ಮನೆಯವರು ಈ ರಾಯದುರ್ಗದಲ್ಲಿ ಡಾಕ್ಟರು. ಮದರಾಸಿಗೆ ಹೋಗಿ ಓದಿ ಬಂದವರು. ಡಾಕ್ಟರ ಮನೆಯಲ್ಲಿ ಮೋಟಾರು ಹೊರಡಲಿಲ್ಲವೆಂದರೆ ಅದು ದೊಡ್ಡವರ ಮನೆಯ ಬಿಂಕದ ಮಾತಲ್ಲ. ಎಲ್ಲೋ ಒಂದು ಹಳ್ಳಿಯಲ್ಲಿ ಯಾರೋ ಒಬ್ಬರು ದಾರಿ ನೋಡುತ್ತಾ ಬಿದ್ದಿರುತ್ತಾರೆ ಎಂದು ಅರ್ಥ. ಹೆರಿಗೆಯ ಕರೆಯಾದರೆ ನಾನೂ ಹೋಗಬೇಕು. ನಮ್ಮ ಸೀಮೆಯಲ್ಲಿ ಗಂಡಸು ಡಾಕ್ಟರನ್ನು ಬಾಣಂತಿ ಕೋಣೆಗೆ ಬಿಡುವುದಿಲ್ಲ. ಅವರು ಬಾಗಿಲಾಚೆ ನಿಂತು ಹೇಳುವುದು, ನಾನು ಒಳಗೆ ಮಾಡುವುದು. ಹೀಗಾಗಿ ಒಂದಕ್ಷರ ವೈದ್ಯ ಓದದೆ ನಾನೂ ಅರ್ಧ ಡಾಕ್ಟರಾಗಿದ್ದೇನೆ. ಉಳಿದ ಅರ್ಧ ನಡುಗುತ್ತಿರುತ್ತದೆ.

ರಾಯದುರ್ಗದಲ್ಲಿ ಚಳಿಯೇ ಎಂದು ನೀವು ನಗಬಹುದು. ವರ್ಷದ ಬಹುಪಾಲು ನಮ್ಮ ಬೆಟ್ಟ ರೊಟ್ಟಿಯ ಹೆಂಚು. ಆದರೆ ಧನುರ್ಮಾಸ ಬಂತೆಂದರೆ ಅದೇ ಬಂಡೆಗಳು ಬೆಳಗಿನ ಜಾವಕ್ಕೆ ಎಂಥಾ ತಣ್ಣಗಿರುತ್ತವೆಂದರೆ, ರಂಗೋಲಿ ಇಕ್ಕಲು ಕೂತವಳಿಗೆ ಪುಡಿ ಬೆರಳಿನಿಂದ ಜಾರುವುದೇ ಗೊತ್ತಾಗುವುದಿಲ್ಲ. ಮೋಟಾರಿಗೂ ಹಾಗೆಯೇ ಆಗುತ್ತದಂತೆ. ಎಣ್ಣೆ ಗಟ್ಟಿಯಾಗುತ್ತದೆ, ಪೆಟ್ರೋಲು ಆವಿಯಾಗಲು ಸೋಮಾರಿತನ ಮಾಡುತ್ತದೆ. ನಮ್ಮ ಮನೆಯವರು ಇದನ್ನು ವಿವರಿಸುವಾಗ ಮೋಟಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನಾಡಿ ನೋಡುವವರಂತೆ ಕಣ್ಣು ಮುಚ್ಚುತ್ತಾರೆ. “ಇದರದು ಶೀತ ಪ್ರಕೃತಿ” ಎನ್ನುತ್ತಾರೆ.

ಈ ಶೀತ ಪ್ರಕೃತಿಯ ಮೋಟಾರು ಬಂದದ್ದು ನನ್ನ ತವರಾದ ಮಡಕಶಿರಾದಿಂದ. ನನ್ನ ಕಷ್ಟದ ಅರ್ಧ ಅಲ್ಲಿದೆ. ಅಲ್ಲಿಯ ರೇಷ್ಮೆ ವ್ಯಾಪಾರಿಯೊಬ್ಬರು ಹಳೆಯದನ್ನು ಮಾರುತ್ತಾರೆಂದು ತಿಳಿದು ನಮ್ಮಣ್ಣನೇ ಮುಂದೆ ನಿಂತು ಕೊಡಿಸಿದ. ಆಮೇಲೆ ಅದು ನಮ್ಮತ್ತೆಯ ಬಾಯಲ್ಲಿ ‘ನಿನ್ನ ತವರಿನ ಮೋಟಾರು’ ಆಯಿತು. ಹೊರಟ ದಿನ ಅದು ‘ನಮ್ಮ ಮೋಟಾರು’. ನಿಂತ ದಿನ “ಪದ್ಮಾ, ನೋಡು ಬಾರವಾ, ನಿನ್ನ ತವರಿನ ಮೋಟಾರಿಗೆ ಏನೋ ಮುನಿಸು ಬಂದದ” ಎಂದು ಕರೆಯುತ್ತಿದ್ದರು. ಮಗಳ ಜೊತೆ ಕಳಿಸಿದ ಹಿತ್ತಾಳೆ ಕೊಡ ಸೋರಿದರೆ ತವರಿಗೆ ಹೇಗೆ ಅವಮಾನವೋ ಹಾಗೆ ನನಗೆ ಮುಖ ಸಣ್ಣದಾಗುತ್ತಿತ್ತು.

ಮೊದಮೊದಲು ಚಳಿಗೆ ಮದ್ದು ಸುಲಭವೆನ್ನಿಸಿತು. ನಾವು ಬಾಡಿಗೆಗೆ ಮನೆ ಹಿಡಿಯುವಾಗಲೇ ಬಾಗಿಲ ದಿಕ್ಕು, ಬಾವಿಯ ಮೂಲೆ ನೋಡುವ ಬದಲು ಬೀದಿಯ ಇಳಿಜಾರು ನೋಡಿದ್ದೆವು. ಹ್ಯಾಂಡಲ್ಲಿಗೆ ಬಗ್ಗದಿದ್ದರೆ ಗುಡ್ಡದ ಕೆಳಕ್ಕೆ ಉರುಳಿಸಿದರಾಯಿತು. ಜೊತೆಗೆ ಬಚ್ಚಲ ಹಂಡೆಯ ಬಿಸಿನೀರನ್ನು ರೇಡಿಯೇಟರಿಗೆ ಹೊಯ್ಯುವುದು. ಇದರಿಂದ ಮನೆಯಲ್ಲಿ ಒಂದು ಹೊಸ ಆಚಾರ ಬಂತು. ಹಂಡೆಯ ಮೊದಲ ನೀರು ಮೋಟಾರಿಗೆ, ಎರಡನೆಯದು ಅದರ ಯಜಮಾನರಿಗೆ, ತಳದಲ್ಲಿ ಉಗುರು ಬೆಚ್ಚಗೆ ಉಳಿದದ್ದು ನನಗೆ. ಉಗುರು ಬೆಚ್ಚಗಾದರೂ ಇತ್ತಲ್ಲ, ಅದೂ ದೇವರ ದಯವೇ. ಅತ್ತೆಯಂತೂ ತಣ್ಣೀರಿನ ಮಡಿಯವರು. ಅವರಿಗೆ ಹಂಡೆಯ ಹಂಗೇ ಇರಲಿಲ್ಲ.

ಬಿಸಿನೀರು ಕುಡಿದು ಮೋಟಾರು ನಾಲ್ಕು ಸಲ ಕೆಮ್ಮಿ ಹೊರಡುತ್ತಿತ್ತು. ಆದರೆ ಮಂಗಳವಾರ ಮತ್ತು ಶುಕ್ರವಾರ ಮಾತ್ರ, ಹಂಡೆ ಬರಿದು ಮಾಡಿದರೂ, ಬೀದಿಯ ತುದಿಯವರೆಗೆ ಉರುಳಿಸಿದರೂ ಜಪ್ಪಯ್ಯ ಎನ್ನುತ್ತಿರಲಿಲ್ಲ. ಬಿಸಿಲೇರಿದ ಮೇಲೆ ತಾನಾಗಿಯೇ ಒಳ್ಳೆಯ ಹುಡುಗಿಯಂತೆ ಎದ್ದು ಕೂಡುತ್ತಿತ್ತು.

ವಾರ ನೋಡಿ ಬರುವ ಜ್ವರ ಕಂಡಿದ್ದೇನೆ, ವಾರ ನೋಡಿ ಕೆಡುವ ಕಬ್ಬಿಣ ಎಲ್ಲಿಯಾದರೂ ಉಂಟೆ? ನಮ್ಮ ಮನೆಯವರು ಕಾರ್ಬೊರೇಟರನ್ನು ಬಿಚ್ಚಿ, ಜಗಲಿಯ ಮೇಲೆ ಪಂಚೆ ಹಾಸಿ ಅದರ ಒಂದೊಂದು ಅಂಗವನ್ನೂ ಹರಡಿಕೊಂಡು ತೊಳೆದರು. ಬಳ್ಳಾರಿಯ ಮೆಕ್ಯಾನಿಕ್ಕು ಬುಧವಾರ ಬಂದ. ಬುಧವಾರ ಮೋಟಾರು ಒಂದೇ ಸುತ್ತಿಗೆ ಎದ್ದಿತು. “ಏನೂ ಆಗಿಲ್ರಿ, ಕುದ್ರಿ ಇದ್ದಂಗ ಐತಿ” ಎಂದು ಹೇಳಿ, ಊಟ ಮಾಡಿ ಹೋದ. ನಮ್ಮಣ್ಣ ಸಂಕ್ರಾಂತಿಗೆ ಕರೆಯಲೆಂದು ಬಂದವನು ಅತ್ತೆಯ ಚುಚ್ಚುಮಾತು ಕೇಳಿ ಸುಮ್ಮನಿರಲಿಲ್ಲ. “ನಮ್ಮೂರಾಗೆ ಇದಕ್ಕಿಂತ ಚಳಿ ಕಣಮ್ಮ. ಅಲ್ಲಿದ್ದಾಗ ಒಂದಿನಾನೂ ಹಿಂಗೆ ಮಾಡ್ಲಿಲ್ಲ. ನಿಮ್ಮೂರ ನೀರು ಹಿಡಿಸಿಲ್ಲ ಅದಕ್ಕೆ” ಎಂದುಬಿಟ್ಟ. ಅತ್ತೆ ಆ ದಿನ ಅವನಿಗೆ ಎರಡನೆಯ ಸಲ ತುಪ್ಪ ಬಡಿಸಲಿಲ್ಲ.

ಅತ್ತೆಯ ನಿದಾನ ಬೇರೆ ಇತ್ತು. ದೃಷ್ಟಿ ತಾಕಿದೆ ಎಂದು. ಮೋಟಾರು ಎಂದರೆ ಮನೆಗೆ ಬಂದ ಲಕ್ಷ್ಮಿ. ಮಂಗಳವಾರ ಶುಕ್ರವಾರ ಹೊಸ್ತಿಲು ತೊಳೆದು, ತುಳಸಿಗೆ ನೀರೆರೆದು, ಅದೇ ಒದ್ದೆ ಸೀರೆಯಲ್ಲಿ ಅವರು ಮೋಟಾರಿಗೂ ಪೂಜೆ ಮಾಡುತ್ತಿದ್ದರು. ಬಾನೆಟ್ಟಿನ ನಡುಬೆನ್ನಿನ ಉದ್ದಕ್ಕೂ ಒಂದು ಮಡಚುವ ಸಂದಿದೆಯಲ್ಲ, ಆ ಗೆರೆಯ ಮೇಲೆ ಸಾಲಾಗಿ ಅರಿಸಿನ ಕುಂಕುಮ, ಸೇವಂತಿಗೆ, ಒಂದು ಉದ್ಧರಣೆ ತೀರ್ಥ. ಹೊರಡದ ದಿನಗಳು ಹೆಚ್ಚಾದಂತೆ ಅವರ ಭಕ್ತಿಯೂ ಹೆಚ್ಚಿತು. ಉದ್ಧರಣೆ ಹೋಗಿ ಪಂಚಪಾತ್ರೆ ಬಂತು, ಪಂಚಪಾತ್ರೆ ಹೋಗಿ ತಂಬಿಗೆ ಬಂತು. ನಾನೂ ಪಕ್ಕದಲ್ಲಿ ನಿಂತು ಕೈ ಮುಗಿಯುತ್ತಿದ್ದೆ. ಪೂಜೆ ಹೆಚ್ಚಿಸಿದರೆ ಕಷ್ಟ ಕಡಿಮೆಯಾಗುತ್ತದೆ ಎನ್ನುವುದರಲ್ಲಿ ಅತ್ತೆ ಸೊಸೆಯರಿಗೆ ಭೇದವಿರಲಿಲ್ಲ.

ನನಗೊಂದು ಯೋಚನೆ ಬರುತ್ತದೆ. ಬೆಂಕಿಯನ್ನು ಯಾರೂ ಅಪ್ಪಣೆ ಮಾಡಿ ಕರೆಸಿಕೊಂಡದ್ದಿಲ್ಲ. ಯಜ್ಞಕ್ಕೆ ಅರಣಿ ಕಡೆಯುವುದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ. ವೇದ ಬಲ್ಲವರೇ ಬೆವರು ಸುರಿಸಿ ಹಗ್ಗ ಎಳೆಯುತ್ತಾರೆ, ಮಂತ್ರ ಮೊಳಗುತ್ತದೆ, ಆದರೂ ಆ ಕಟ್ಟಿಗೆಗೆ ಇಷ್ಟು ಪಸೆ ಇದ್ದರೆ ಅಗ್ನಿದೇವ ಬರುವುದಿಲ್ಲ. ಆಗ ದೊಡ್ಡವರು ಮಂತ್ರವನ್ನು ಬಯ್ಯುವುದಿಲ್ಲ, ಅರಣಿಯನ್ನು ಬಿಸಿಲಿಗಿಡುತ್ತಾರೆ. ಒದ್ದೆ ಸೌದೆಯ ಮುಂದೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡ ಪ್ರತಿಯೊಬ್ಬ ಹೆಂಗಸಿಗೂ ಇದು ಗೊತ್ತು. ಗೊತ್ತಿದ್ದೂ ನನಗೆ ಹೊಳೆಯಲಿಲ್ಲ ನೋಡಿ. ಒಲೆ ಒಳಗಿತ್ತು, ಮೋಟಾರು ಹೊರಗಿತ್ತು. ಎರಡರ ನಡುವೆ ಹೊಸ್ತಿಲಿತ್ತು.

ಹೋದ ಧನುರ್ಮಾಸದ ಒಂದು ಶುಕ್ರವಾರ. ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ಅತ್ತೆಯ ಪೂಜೆ ಆಗಷ್ಟೇ ಮುಗಿದು, ಅವರು ಒಳಗೆ ದೇವರ ಹುಗ್ಗಿಗೆ ಎಸರಿಟ್ಟಿದ್ದರು. ಬಾಗಿಲಲ್ಲಿ ಬಂಡಿ ನಿಂತ ಸದ್ದಾಯಿತು. ಕಂಬಳಿ ಹೊದ್ದ ಒಬ್ಬ ಮನುಷ್ಯ ಇಳಿದು, “ಅಮ್ಮಾರ, ಡಾಕ್ಟ್ರು ಅದಾರೇನ್ರಿ?” ಎಂದ. ಗುಮ್ಮಘಟ್ಟದ ಆಚೆಯ ಹಳ್ಳಿಯ ಕುರಿಗಾರ ಈರಣ್ಣ. ಅವನ ಮಗಳು ಹನುಮಕ್ಕನಿಗೆ ಹಿಂದಿನ ದಿನದಿಂದ ನೋವು, ಮೊದಲ ಹೆರಿಗೆ. ಸೂಲಗಿತ್ತಿ ಕೈ ಚೆಲ್ಲಿದ್ದಾಳೆ.

“ಕೂಸು ಅಡ್ಡ ಬಂದೈತಂತ್ರಿ ಅಮ್ಮಾರ. ಮಗಳು ಮಾತಾಡೂದು ಬಿಟ್ಟಾಳ್ರಿ. ಬರೇ ಕಣ್ಣು ಬಿಟ್ಟು ನೋಡ್ತಾಳ” ಎಂದ.

ನಮ್ಮ ಮನೆಯವರು ಪೆಟ್ಟಿಗೆ ತಂದು ಮೋಟಾರಿನಲ್ಲಿಟ್ಟರು. ನಾನು ಹಂಡೆಯ ನೀರನ್ನೆಲ್ಲ ತಂದು ರೇಡಿಯೇಟರಿಗೆ ಹೊಯ್ದೆ. ಅವಸರದಲ್ಲಿ ಚೆಲ್ಲಿದ ನೀರಿಗೆ ಬಚ್ಚಲ ಒಲೆಯೂ ಆರಿತು. ಹ್ಯಾಂಡಲ್ಲು ತಿರುಗಿತು. ಕೆಮ್ಮು ಕೂಡ ಇಲ್ಲ. ಮತ್ತೆ ತಿರುಗಿತು, ಮತ್ತೆ. ಶುಕ್ರವಾರವೆಂಬುದು ನನಗೆ ಆಗ ನೆನಪಾಯಿತು.

“ತಳ್ರಿ!” ಎಂದರು ನಮ್ಮ ಮನೆಯವರು. ಅಕ್ಕಪಕ್ಕದ ಮನೆಯ ಗಂಡಸರು ಶಾಲು ಬಿಸುಟು ಬಂದರು. ನಮ್ಮ ಬೀದಿಯವರು ಮಾತಾಡುವುದು ಕನ್ನಡವಾದರೂ ಭಾರ ತಳ್ಳುವುದು ತೆಲುಗಿನಲ್ಲಿ. “ತೊಯ್ಯಂಡಿ! ತೊಯ್ಯಂಡಿ!” ಎಂದು ಕೂಗುತ್ತಾ ನೂಕಿದರು. ಮೋಟಾರು ಒಂದು ಸಲವೂ ಕೆಮ್ಮದೆ ದೇವರ ಪಲ್ಲಕ್ಕಿಯಂತೆ ಗಂಭೀರವಾಗಿ ಇಳಿಜಾರಿಳಿದು, ಕೆಳಗೆ ಆಂಜನೇಯನ ಗುಡಿಯ ಮುಂದೆ ನಿಂತುಬಿಟ್ಟಿತು. ಇನ್ನು ಮುಂದೆ ಇಳಿಜಾರೂ ಇಲ್ಲ.

ಈರಣ್ಣ ಬಂಡಿ ಹೊಡೆದುಕೊಂಡು ಹಿಂದೆಯೇ ಬಂದಿದ್ದ. “ಎತ್ತು ಕಟ್ಟಿ ಎಳೀಲೇನ್ರಿ?” ಎಂದ. ಎತ್ತು ಕಟ್ಟಿ ಎಳೆದದ್ದೂ ಆಯಿತು. ಎತ್ತುಗಳು ಒಂದು ಸುತ್ತು ಗುಡಿಯ ಪ್ರದಕ್ಷಿಣೆ ಬಂದವು. ಹಿಂದೆ ನಮ್ಮ ಮೋಟಾರೂ ಬಂತು. ನೆರೆದವರಲ್ಲಿ ಯಾರೋ, “ಡಾಕ್ಟ್ರೇ, ನಿಮ್ಮ ಮೋಟಾರಿಗೆ ಹುಲ್ಲು ಹಾಕ್ತೀರೋ, ಪೆಟ್ರೋಲ್ ಹಾಕ್ತೀರೋ?” ಎಂದರು. ಯಾರೂ ನಗಲಿಲ್ಲ. ಈರಣ್ಣ ನನ್ನ ಕಡೆ ತಿರುಗಿ ಮೆಲ್ಲಗೆ, “ಬಂಡ್ಯಾಗ ಹೋಗೂನೇನ್ರಿ ಅಮ್ಮಾರ? ತಡ ಆದ್ರೂ ನಡೀತಾವ್ರಿ ನಮ್ಮ ಎತ್ತು” ಎಂದ. ಬಂದ ದಾರಿಯನ್ನೇ ಮತ್ತೆ ನಡೆಯಬೇಕಾದ ದಣಿದ ಎತ್ತುಗಳು. ಅವು ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತಿತ್ತು. ಮಾತು ಬಿಟ್ಟ ಹುಡುಗಿ ಅಷ್ಟು ಹೊತ್ತು ಕಾಯುತ್ತಾಳೆಯೆ? ಹೂಂ ಎನ್ನಲೂ ಆಗದೆ, ಊಹೂಂ ಎನ್ನಲೂ ಆಗದೆ ನಾನು ಆಂಜನೇಯನ ಕಡೆ ನೋಡಿದೆ. ಅವನಿಗಾದರೆ ಹಾರಲು ಬರುತ್ತಿತ್ತು.

ನಮ್ಮ ಮನೆಯವರು ಬಾನೆಟ್ಟು ಎತ್ತಿ ಕಿಡಿ ಹಾರಿಸುವ ಪ್ಲಗ್ಗುಗಳನ್ನು ಬಿಚ್ಚತೊಡಗಿದರು. “ಪೆಟ್ರೋಲು ಉಕ್ಕಿ ಒದ್ದೆಯಾಗ್ಯಾವ” ಎಂದು, ಹೆರಿಗೆಯಲ್ಲಿ ಉಪಕರಣ ಕೊಡುವಂತೆ ಒಂದೊಂದನ್ನೇ ನನ್ನ ಕೈಗೆ ಕೊಟ್ಟರು. ಅವರ ಕನ್ನಡಕಕ್ಕೆ ಮಂಜು ಕವಿದಿತ್ತು. ನನ್ನ ಕಣ್ಣಿಗೆ ಕನ್ನಡಕವಿಲ್ಲ. ಪ್ಲಗ್ಗಿಗೆ ಪೆಟ್ರೋಲಿನ ವಾಸನೆ ಇರಲಿಲ್ಲ. ತುಳಸಿಯ ವಾಸನೆ ಇತ್ತು. ಬಗ್ಗಿ ನೋಡಿದೆ. ಪ್ಲಗ್ಗು ಕೂತಿದ್ದ ಗುಳಿಗಳ ಸುತ್ತ ತೆಳು ಕೆಂಪು ನೀರು ನಿಂತಿತ್ತು, ಕುಂಕುಮದ ನೀರು. ಒಂದು ಗುಳಿಯ ಅಂಚಿಗೆ ಸೇವಂತಿಗೆಯ ಹಳದಿ ಎಸಳು ಅಂಟಿಕೊಂಡಿತ್ತು.

ಬಾನೆಟ್ಟಿನ ನಡುಸಂದು, ಅದರ ಕೆಳಗೇ ಪ್ಲಗ್ಗುಗಳ ಸಾಲು, ಮಂಗಳವಾರ, ಶುಕ್ರವಾರ, ಒಂದು ತಂಬಿಗೆ ತೀರ್ಥ. ಬೇಸಗೆಯಲ್ಲಿ ಬಿದ್ದ ಉದ್ಧರಣೆ ತೀರ್ಥ ಮೋಟಾರು ಹೊರಡುವ ಹೊತ್ತಿಗೆ ತಾನಾಗಿಯೇ ಆರುತ್ತಿತ್ತು. ಈ ಚಳಿಯಲ್ಲಿ ಎಲ್ಲಿ ಆರಬೇಕು? ಕಿಡಿ ಹಾರಬೇಕಾದಲ್ಲಿ ಹಾರದೆ, ಒದ್ದೆಯ ದಾರಿ ಹಿಡಿದು ಇಳಿದು ಹೋಗುತ್ತಿತ್ತು. ನಮ್ಮಣ್ಣ ಸಿಟ್ಟಿನಲ್ಲಿ ಆಡಿದ ಮಾತೇ ನಿಜವಾಗಿತ್ತು. ಈ ಮೋಟಾರಿಗೆ ನಮ್ಮೂರ ನೀರು ಹಿಡಿಸಿರಲಿಲ್ಲ.

ತಲೆ ಎತ್ತಿದರೆ ಅತ್ತೆ. ಒದ್ದೆ ಸೀರೆಯಲ್ಲೇ ಬೀದಿ ಇಳಿದು ಬಂದು, ಗುಡಿಯ ಮೆಟ್ಟಿಲ ಹತ್ತಿರ ನಿಂತು ಕೈ ಮುಗಿದುಕೊಂಡಿದ್ದರು. ಅವರ ಪೂಜೆಯೇ ಇದಕ್ಕೆ ಕಾರಣವೆಂದು ಅಷ್ಟು ಜನರ ಮುಂದೆ ಹೇಗೆ ಹೇಳಲಿ? ಅದೂ ಈರಣ್ಣ ನಿಂತಿರುವಾಗ? ಎಸಳನ್ನು ಸೆರಗಿನ ತುದಿಗೆ ಸುತ್ತಿ ಗಂಟು ಹಾಕಿದೆ. ಕೈಯಲ್ಲಿದ್ದ ಪ್ಲಗ್ಗುಗಳನ್ನು ತೋರಿಸಿ, “ಇವಕ್ಕೆ ಚಳಿ ಹಿಡಿದಿದೆ, ಕೆಂಡದ ಮೇಲೆ ಕಾಯಿಸಿಕೊಂಡು ಬರ್ತೀನಿ. ಅಷ್ಟರಲ್ಲಿ ನೀವು ತಂತಿ, ಗುಳಿ ಎಲ್ಲಾ ಒಣಬಟ್ಟೆಯಲ್ಲಿ ಒರೆಸಿಡಿ” ಎಂದು ನಮ್ಮ ಮನೆಯವರಿಗೆ ಹೇಳಿ ಮನೆಗೆ ಓಡಿದೆ. ಅತ್ತೆಯೂ ಬೆನ್ನಿಗೇ ಬಂದರು.

ಕೆಂಡ ಎಲ್ಲಿದೆ? ಬಚ್ಚಲ ಒಲೆ ಆರಿತ್ತು. ಉಳಿದದ್ದು ದೇವರ ಹುಗ್ಗಿ ಕುದಿಯುತ್ತಿದ್ದ ಮಡಿ ಒಲೆ. ಆ ಒಲೆಯ ಹತ್ತಿರ ನಾನೇ ಸ್ನಾನವಿಲ್ಲದೆ ಸುಳಿಯುವುದಿಲ್ಲ. ಕೈಯಲ್ಲಿ ಊರವರೆಲ್ಲ ಮುಟ್ಟಿದ ಎಣ್ಣೆ ಕಬ್ಬಿಣ. ಹೊಸ್ತಿಲಲ್ಲಿ ನಿಂತುಬಿಟ್ಟೆ.

ಅತ್ತೆ ನನ್ನ ಮುಖ ನೋಡಿದರು, ಹುಗ್ಗಿಯ ಪಾತ್ರೆ ನೋಡಿದರು. ಪಾತ್ರೆಯನ್ನು ಇಳಿಸಿ ಪಕ್ಕಕ್ಕಿಟ್ಟರು.

“ಯಾಕ ನಿಂತೀ? ತಾ ಇಲ್ಲಿ.”

“ಅತ್ತೆ, ಮಡಿ...”

“ಅಲ್ಲೊಂದು ಹೆಣ್ಣುಮಗಳು ಒದ್ದಾಡ್ಲಿಕ್ಕೆ ಹತ್ಯಾಳ. ನಾನು ಮತ್ತೊಂದು ಸಲ ನೀರು ಹಾಕ್ಕೋತೀನಿ. ಬಾವ್ಯಾಗ ನೀರಿಗೇನು ಬರ ಅದ? ತಾ ಅಂದ್ರ!”

ಇಕ್ಕಳದಿಂದ ತಾವೇ ಒಂದೊಂದು ಪ್ಲಗ್ಗನ್ನು ಹಿಡಿದು, ಹಪ್ಪಳ ಸುಡುವವರಂತೆ ಹೊರಳಿಸಿ ಹೊರಳಿಸಿ ಕಾಯಿಸಿದರು. ಪಿಂಗಾಣಿ ಸೀಳೀತೆಂದು ನಾನು ಹೆದರಿ “ಸಣ್ಣ ಕೆಂಡ, ಸಣ್ಣ ಕೆಂಡ” ಎನ್ನುತ್ತಿದ್ದೆ. “ಐವತ್ತು ವರ್ಷ ಒಲಿ ಮುಂದ ಕೂತೀನಿ, ನನಗ ಹೇಳ್ತೀ” ಎಂದರು. ಅಗ್ಗಿಷ್ಟಿಕೆಗೆ ಕೆಂಡ ತುಂಬಿ, ಬೂದಿ ಮುಚ್ಚಿ, ಅದರ ಮೇಲೆ ಪ್ಲಗ್ಗುಗಳನ್ನಿಟ್ಟು ನನ್ನ ಕೈಗೆ ಕೊಟ್ಟರು. ನಾನು ಮುಂದೆ, ಅವರು ಹಿಂದೆ. ಬೀದಿಯವರು ಗೌರಿಯ ಮೆರವಣಿಗೆಗೆ ಸರಿಯುವಂತೆ ಸರಿದು ದಾರಿ ಬಿಟ್ಟರು.

ಬಿಸಿ ಪ್ಲಗ್ಗುಗಳು ಒಣಗಿದ ಗುಳಿಗಳಲ್ಲಿ ಕೂತವು. ಹ್ಯಾಂಡಲ್ಲು ಒಂದು ಸುತ್ತು ತಿರುಗಿತು. ಮೋಟಾರು ಸೀನಿತು. ಎರಡನೆಯದಕ್ಕೆ ಮೈ ಕೊಡವಿ ಗುಡುಗಿತು. ಅಂಥ ಇಂಪಾದ ಸದ್ದನ್ನು ನಾನು ಯಾವ ಸಂಗೀತ ಕಚೇರಿಯಲ್ಲೂ ಕೇಳಿಲ್ಲ. ಈರಣ್ಣನನ್ನು ಹಿಂದೆ ಕೂರಿಸಿಕೊಂಡು ಹೊರಟೆವು. ಎತ್ತುಗಳಿಗೆ ಯಾರೋ ಹುಲ್ಲು ಹಾಕಿದರು, ಪುಣ್ಯವಂತರು.

ಹಳ್ಳಿಯಲ್ಲಿ ಕೋಣೆಯ ಬಾಗಿಲಿಗೆ ಕಂಬಳಿ ಇಳಿಬಿಟ್ಟಿದ್ದರು. ನಮ್ಮ ಮನೆಯವರು ಆಚೆಯಿಂದ ಹೇಳಿದರು, ನಾನೂ ಸೂಲಗಿತ್ತಿಯೂ ಈಚೆ ಮಾಡಿದೆವು. ಹನುಮಕ್ಕ ಮಾತಾಡಲಿಲ್ಲ, ನನ್ನ ಬಳೆಗಳನ್ನು ಮಾತ್ರ ಹಿಡಿದುಕೊಂಡಳು. ನನ್ನ ಕೈಗೆ ಆಗದ ಕೆಲಸವೆಂದು ತಿಳಿದಾಗ ಸೊಸೆಯ ಹೆರಿಗೆಗೆಂದು ಬಂದು ಮೂಲೆಯಲ್ಲಿ ಕೂತಿದ್ದ ಹನುಮಕ್ಕನ ಅತ್ತೆಯ ಮುಖ ನೋಡಿದೆ. ಆ ಮುದುಕಿ ಎದ್ದು, ಯಾರ ಮಾತಿಗೂ ಕಾಯದೆ ಕಂಬಳಿ ಸರಿಸಿ, “ಒಳಗ ಬರ್ರಿ ಸಾಮಿ” ಎಂದಳು. ಒಂದೇ ಬೆಳಗ್ಗೆ ಇಬ್ಬರು ಅತ್ತೆಯರು ಹೊಸ್ತಿಲು ದಾಟಿಸಿದರು.

ಕೂಸು ಹುಟ್ಟಿತು. ಅಳಲಿಲ್ಲ. ನಮ್ಮ ಮನೆಯವರು ಅದರ ಬಾಯಿ ಒರೆಸಿ, ಕಂಬಳಿಯ ತುಂಡಿನಿಂದ ಬೆನ್ನು ತಿಕ್ಕಿದರು. ಮತ್ತೆ ತಿಕ್ಕಿದರು. ನನ್ನ ಎದೆಯಲ್ಲಿ ಹ್ಯಾಂಡಲ್ಲು ತಿರುಗುತ್ತಿತ್ತು. ಕೂಸು ಗೊರ್ರ್ ಎಂದಿತು, ಸುಮ್ಮನಾಯಿತು. ಕೆಮ್ಮಿತು. ಸೀನಿತು. ಆಮೇಲೆ ಊರಿಗೆ ಕೇಳುವಂತೆ ಅತ್ತಿತು. ಹನುಮಕ್ಕ ಆಗ ಮೊದಲ ಮಾತಾಡಿದಳು. “ಹೆಣ್ಣೇನ್ರಿ?” ಎಂದಳು. ಹೆಣ್ಣೇ.

ತಿರುಗಿ ಬಂದಾಗ ಗೋಧೂಳಿ. ಅತ್ತೆ ಆರತಿ ಹಿಡಿದು ನಿಂತಿದ್ದರು. ಇನ್ನೊಂದು ಕೈಯಲ್ಲಿ ತಂಬಿಗೆ! ನಾನು ಬಾಯಿ ತೆರೆಯುವಷ್ಟರಲ್ಲಿ ಬಾನೆಟ್ಟಿನ ಮೇಲೆ ನೀರು ಬಿತ್ತು. ಅಷ್ಟು ದಾರಿ ಓಡಿ ಬಂದ ಬಿಸಿಗೆ ಚುಂಯ್ ಎಂದು ಆವಿಯೆದ್ದು, ನೋಡನೋಡುತ್ತ ಆರಿಹೋಯಿತು. ನನಗೆ ದೇವರೇ ಮಾತು ಕೊಟ್ಟ. “ಅತ್ತೆ, ನೋಡಿ, ಹೇಗೆ ಕುಡಿದುಬಿಟ್ಟಳು! ಪಾಪ, ದಣಿದು ಬಂದ ಹೊತ್ತು. ಲಕ್ಷ್ಮಿ ಮನೆಗೆ ಬರೋದೂ ದೀಪ ಹಚ್ಚೋ ಹೊತ್ತಿಗೇ ಅಲ್ವೆ? ಇನ್ನು ಮೇಲೆ ಪೂಜೆ ಸಂಜೆಗೇ ಇಟ್ಟುಕೊಂಡರೆ ಹೇಗೆ?” ಎಂದೆ.

ಅತ್ತೆ ಆರತಿ ಮುಗಿಸಿದರು. ಕುಂಕುಮ ಹಚ್ಚಿದರು. ನಮ್ಮ ಮನೆಯವರು ಒಳಗೆ ಹೋಗುವವರೆಗೆ ತಡೆದು, “ಸಂಜೀಗೇ ಮಾಡೂಣು” ಎಂದರು. ಆಮೇಲೆ ದನಿ ತಗ್ಗಿಸಿ, “ಸೆರಗಿನ ಗಂಟು ಬಿಚ್ಚಿ ಆ ಎಸಳು ತುಳಸೀ ಬುಡಕ್ಕ ಹಾಕು. ನಿರ್ಮಾಲ್ಯ, ಕಾಲಾಗ ತುಳಿಬಾರದು” ಎಂದು ಹೇಳಿ, ಖಾಲಿ ತಂಬಿಗೆ ಹಿಡಿದು ಒಳಗೆ ನಡೆದರು.

ಅಂದಿನಿಂದ ನಮ್ಮ ಮೋಟಾರಿಗೆ ವಾರದ ದೋಷವಿಲ್ಲ. ಚಳಿಯ ದೋಷ ಉಂಟು, ಅದಕ್ಕೆ ಈರಣ್ಣ ಒಂದು ಹೊಸ ಕಂಬಳಿ ತಂದುಕೊಟ್ಟಿದ್ದಾನೆ. ಸಂಜೆ ಪೂಜೆಯ ನೀರು ಆರಿದ ಮೇಲೆ ಬಾನೆಟ್ಟಿಗೆ ಹೊದಿಸಿದರೆ ಬೆಳಗ್ಗೆ ಅರ್ಧ ಹಂಡೆ ನೀರಿಗೇ ಎದ್ದೇಳುತ್ತದೆ. ಉಳಿದರ್ಧ ನನಗೆ. ಎಲ್ಲಾ ಕಾರ್ಬೊರೇಟರಿನ ದೋಷವಾಗಿತ್ತು, ತಾವು ತೊಳೆದದ್ದರಿಂದ ಸರಿಹೋಯಿತು ಎಂದು ನಮ್ಮ ಮನೆಯವರು ಇಂದಿಗೂ ಬಂದವರಿಗೆಲ್ಲ ಹೇಳುತ್ತಾರೆ. ನಾವಿಬ್ಬರೂ ತಲೆ ಆಡಿಸುತ್ತೇವೆ. ಇದನ್ನು ಅವರು ಓದುವ ಭಯವಿಲ್ಲ. ಪತ್ರಿಕೆಯಲ್ಲಿ ಅವರು ನೋಡುವುದು ಟೈರಿನ ಜಾಹೀರಾತು ಮಾತ್ರ.

ನನ್ನ ಹೆದರಿಕೆ ಮಾತ್ರ ಹೋಗಿಲ್ಲ. ಈಗಲೂ ಲೋಟ ಹಿಡಿದು ಕಿಟಕಿಯ ಹತ್ತಿರ ನಿಲ್ಲುತ್ತೇನೆ. ಸದ್ದು ತಿರುವು ದಾಟಿ ಅಡಗುತ್ತದೆ. ಆಗ ಹಿಂದಿನಿಂದ ಒಂದು ಕೈ ಬಂದು ನನ್ನ ತಣ್ಣನೆಯ ಲೋಟವನ್ನು ತೆಗೆದುಕೊಂಡು, ಅಂದು ಪ್ಲಗ್ಗು ಕಾಯಿಸಿದ ಅದೇ ಮಡಿ ಒಲೆಯ ಕೆಂಡದ ಮೇಲಿಡುತ್ತದೆ.

“ಹೋತು ನಮ್ಮ ಮೋಟಾರು” ಎನ್ನುತ್ತಾರೆ ಅತ್ತೆ. “ಇನ್ನರೆ ಕುಡಿ.”